ಸೌರ ಚಟುವಟಿಕೆ ಮತ್ತು ವಾಯುಗುಣ: ನಾಲ್ಕರಿಂದ ಭಾಗಿಸುವ ಹಂತ

ಸೌರಕಲೆಗಳ, ಅಂದರೆ ಸೂರ್ಯನ ಮೇಲೆ ಕಾಣುವ ಕಪ್ಪು ಚುಕ್ಕೆಗಳ, ಸಂಖ್ಯೆಯಲ್ಲಿ ನಿಯತವಾದ ಏರಿಳಿತವಿದೆಯೆಂದು ಜರ್ಮನಿಯ ಖಗೋಳವೀಕ್ಷಕ ಶ್ವಾಬೆ 1843ರಲ್ಲಿ ತಿಳಿಸಿದರು. ಆ ಚಕ್ರದ ಸರಾಸರಿ ಅವಧಿ 11 ವರ್ಷ. 1645ರಿಂದ 1715ರವರೆಗೆ ಕಲೆಗಳು ತೀರ ವಿರಳವಾಗಿದ್ದ ಕಾಲವನ್ನು ಮೌಂಡರ್ ಕನಿಷ್ಠವೆನ್ನುತ್ತಾರೆ. ದೂರದರ್ಶಕಕ್ಕೂ ಹಿಂದಿನ ಲೆಕ್ಕ ಮರದ ಉಂಗುರಗಳ ಕಾರ್ಬನ್-14ರಿಂದ ಮತ್ತು ಧ್ರುವದ ಹಿಮದಲ್ಲಿರುವ ಬೆರಿಲಿಯಂ-10ರಿಂದ ಸಿಗುತ್ತದೆ. ಇವೆರಡೂ ಹುಟ್ಟುವುದು ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ; ಸೂರ್ಯ ಶಾಂತನಾದಷ್ಟೂ ಆ ಕಿರಣಗಳು ಹೆಚ್ಚು ಒಳಬರುವುದರಿಂದ ಇವುಗಳ ಪ್ರಮಾಣ ಏರುತ್ತದೆ.

ನಾನು ಎರಡು ದಿನ ಸಿಲುಕಿಕೊಂಡದ್ದು ಮುಂದಿನ ಲೆಕ್ಕದಲ್ಲಿ: ಸೂರ್ಯನ ಈ ಏರಿಳಿತ ಭೂಮಿಯ ತಾಪವನ್ನು ಎಷ್ಟು ಬದಲಿಸಬಲ್ಲದು? ಭೂಮಿಯ ದೂರದಲ್ಲಿ ಸೂರ್ಯನಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರಿನ ಮೇಲೆ ಸುಮಾರು 1361 ವ್ಯಾಟ್ ಬೀಳುತ್ತದೆ. 11 ವರ್ಷಗಳ ಚಕ್ರದಲ್ಲಿ ಇದು ಬದಲಾಗುವುದು ಶೇಕಡಾ 0.1ರಷ್ಟು, ಅಂದರೆ ಹೆಚ್ಚುಕಡಿಮೆ ಒಂದು ವ್ಯಾಟ್. ವಾತಾವರಣದ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿಯನ್ನು ಬಿಸಿಮಾಡುವ ಪರಿಣಾಮ ಚದರ ಮೀಟರಿಗೆ ಸುಮಾರು 4 ವ್ಯಾಟ್ ಎಂದು ಓದಿದ್ದ ನಾನು, ಸೂರ್ಯನ ಪಾಲು ಅದರ ಕಾಲುಭಾಗವೆಂದು ಬರೆದುಕೊಂಡಿದ್ದೆ. ಅದು ತಪ್ಪು, ಏಕೆಂದರೆ ಎರಡನೆಯ ಅಂಕಿ ಭೂಮಿಯ ಇಡೀ ಮೇಲ್ಮೈಗೆ ಹಂಚಿದ ಸರಾಸರಿ, ಮೊದಲನೆಯದು ಹಾಗಲ್ಲ.

ಶಿರಸಿಯ ನಮ್ಮ ಹಿತ್ತಿಲಿನ ಗುಂಡನೆಯ ಚಕ್ಕೋತವೊಂದನ್ನು ಇಳಿಹೊತ್ತಿನ ಬಿಸಿಲು ನೇರವಾಗಿ ಬೀಳುವ ಗೋಡೆಯ ಮುಂದೆ ಹಿಡಿದು, ಅದರ ನೆರಳಿನ ಸುತ್ತ ಇದ್ದಿಲಿನಿಂದ ಗೆರೆ ಎಳೆದೆ. ಹಣ್ಣು ತಡೆದ ಬಿಸಿಲು ಆ ವೃತ್ತದಷ್ಟೇ. ಬಳಿಕ ಹೊರಸಿಪ್ಪೆಯನ್ನು ಚೂರುಮಾಡಿ ಅದೇ ಅಳತೆಯ ವೃತ್ತಗಳೊಳಗೆ ಹೊಂದಿಸಿದಾಗ ಹೆಚ್ಚುಕಡಿಮೆ ನಾಲ್ಕು ವೃತ್ತಗಳು ತುಂಬಿದವು. ವೃತ್ತದ ವಿಸ್ತೀರ್ಣ ಪೈ ಆರ್ ವರ್ಗ, ಗೋಳದ್ದು ಅದರ ನಾಲ್ಕು ಪಟ್ಟು ಎಂಬ ಶಾಲೆಯ ಸೂತ್ರಕ್ಕೆ ಅರ್ಥ ಬಂದದ್ದು ಆಗಲೇ. ಭೂಮಿಯೂ ತನ್ನ ನೆರಳಿನಷ್ಟು ಬಿಸಿಲನ್ನು ಹಿಡಿದು, ಹಗಲು ರಾತ್ರಿ, ಧ್ರುವ ಸಮಭಾಜಕಗಳನ್ನೆಲ್ಲ ಸೇರಿಸಿ ನಾಲ್ಕು ಪಟ್ಟು ಜಾಗಕ್ಕೆ ಹಂಚುತ್ತದೆ. ಹಾಗಾಗಿ ಒಂದು ವ್ಯಾಟನ್ನು 4ರಿಂದ ಭಾಗಿಸಬೇಕು. ಬಂದ ಬೆಳಕಿನಲ್ಲಿ ಸುಮಾರು ಶೇಕಡಾ 30 ಪ್ರತಿಫಲಿಸಿ ಹೋಗುವುದರಿಂದ 0.7ರಿಂದ ಗುಣಿಸಬೇಕು. ಉಳಿಯುವುದು ಸುಮಾರು 0.18 ವ್ಯಾಟ್, ಅದೂ ಚಕ್ರ ಇಳಿಯುವಾಗ ಹಿಂದಿರುಗಿ ಹೋಗುತ್ತದೆ.

ದೀರ್ಘಾವಧಿಗೂ ಇದೇ ಅಳತೆಗೋಲು. ವಿಶ್ವಸಂಸ್ಥೆಯ ವಾಯುಗುಣ ಸಮಿತಿಯಾದ ಐಪಿಸಿಸಿಯ 2021ರ ವರದಿ 1750ರಿಂದ 2019ರವರೆಗೆ ಮಾನವ ಚಟುವಟಿಕೆಗಳ ಪಾಲನ್ನು ಚದರ ಮೀಟರಿಗೆ ಸುಮಾರು 2.7 ವ್ಯಾಟ್ ಎಂದೂ ಸೂರ್ಯನದನ್ನು ಸೊನ್ನೆಗೆ ಸಮೀಪವೆಂದೂ ಅಂದಾಜಿಸಿದೆ. ಕಿರು ಹಿಮಯುಗವೆನ್ನುವ, ಯುರೋಪಿನ ಕೆಲವು ಶತಮಾನಗಳ ಚಳಿಯ ಕಾಲವನ್ನೂ ಮೌಂಡರ್ ಕನಿಷ್ಠವೊಂದಕ್ಕೇ ಕಟ್ಟಲಾಗದು. ಚಳಿ ಅದಕ್ಕೂ ಮೊದಲೇ ಆರಂಭವಾಗಿತ್ತು, ಜ್ವಾಲಾಮುಖಿಗಳೂ ಕಾರಣವಾಗಿದ್ದವು.

ನನಗೆ ಅತ್ಯಂತ ಗಟ್ಟಿಯೆನಿಸಿದ ಸಾಕ್ಷ್ಯ ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳದ್ದು: ಈಗಿನ ತಾಪಕ್ಕೆ ಸೂರ್ಯನೇ ಕಾರಣವಾಗಿದ್ದರೆ ಆ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಆದರೆ ಕೆಳಗೆ ನೆಲ ಕಾಯುತ್ತಿರುವಾಗ ಅದು ತಣ್ಣಗಾಗುತ್ತ ಬಂದಿದೆ.