ಐಪಿ ವಿಳಾಸಗಳು 2011ರಲ್ಲೇ ಖಾಲಿಯಾದವಂತೆ, ಹಾಗಾದ್ರೆ ಹೊಸಬರಿಗೆ ಎಲ್ಲಿಂದ ಕೊಡ್ತಾರೆ?

ಪ್ರಶ್ನೆ: ಇಂಟರ್ನೆಟ್ ವಿಳಾಸಗಳು ಮುಗಿದು ಹತ್ತು ವರ್ಷದ ಮೇಲಾಯ್ತು ಅಂತ ಓದಿದೆ. ಆದ್ರೆ ಮುಂದುವರಿಯುತ್ತಿರುವ ದೇಶಗಳಲ್ಲಿ ಪ್ರತಿ ವರ್ಷ ಎಷ್ಟೋ ಜನ ಹೊಸದಾಗಿ ಇಂಟರ್ನೆಟ್‌ಗೆ ಬರ್ತಾನೇ ಇದ್ದಾರೆ. ವಿಳಾಸವೇ ಇಲ್ಲದಿದ್ರೆ ಇವರೆಲ್ಲ ಹೇಗೆ ಸೇರಿಕೊಳ್ತಾರೆ?

ಉತ್ತರ: ನೀವು ಓದಿದ್ದು ನಿಜ. ಹೊಸಬರು ಬರುತ್ತಿರುವುದೂ ನಿಜ. ಆದರೆ ಅವರಲ್ಲಿ ಜಾಸ್ತಿ ಜನಕ್ಕೆ ಹಳೆಯ ಪದ್ಧತಿಯ ಸ್ವಂತ ವಿಳಾಸ ಸಿಗುವುದಿಲ್ಲ. ಒಂದೇ ವಿಳಾಸವನ್ನು ಹತ್ತಾರು ಮನೆಯವರು ಹಂಚಿಕೊಂಡು ಬಳಸುತ್ತಾರೆ. ಹಾಗೆ ಹಂಚಿಕೊಂಡಿದ್ದೇವೆ ಅನ್ನೋದು ಅವರಿಗೆ ಗೊತ್ತೇ ಇರುವುದಿಲ್ಲ.

ಐಪಿ ವಿಳಾಸ ಅಂದರೆ ಇಂಟರ್ನೆಟ್‌ನಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಹಳೆಯ ಪದ್ಧತಿ ಅಂದರೆ ಐಪಿವಿ4. ಇದರ ವಿಳಾಸ 32 ಬಿಟ್, ಅಂದರೆ 0 ಅಥವಾ 1 ಬರುವ 32 ಸ್ಥಾನಗಳಷ್ಟು ಉದ್ದ. ಹಾಗಾಗಿ ಲೆಕ್ಕಕ್ಕೆ ಸಿಗುವುದು ಒಟ್ಟು 429 ಕೋಟಿ ವಿಳಾಸ, ಅದರಲ್ಲೂ ಒಂದಷ್ಟು ಬೇರೆ ಕೆಲಸಕ್ಕೆ ಮೀಸಲು. ಮೊದಲ ವರ್ಷಗಳಲ್ಲಿ ಇದು ಎಂದೂ ಮುಗಿಯದ ಸಂಖ್ಯೆ ಅನ್ನಿಸಿತ್ತು. ಅಮೆರಿಕದ ಎಂಐಟಿ ಅನ್ನುವ ಒಂದೇ ವಿಶ್ವವಿದ್ಯಾಲಯದ ಕೈಗೆ ಆಗ 1.67 ಕೋಟಿ ವಿಳಾಸ ಸೇರಿದ್ದವು. ಆಮೇಲೆ ಲೋಕವೆಲ್ಲ ಇಂಟರ್ನೆಟ್‌ಗೆ ಬಂತು. 2011ರ ಫೆಬ್ರವರಿ 3ರಂದು ಜಗತ್ತಿನ ಮೂಲ ದಾಸ್ತಾನು ನೋಡಿಕೊಳ್ಳುವ ಐಯಾನಾ ತನ್ನ ಕೊನೆಯ ಐದು ದೊಡ್ಡ ತುಂಡುಗಳನ್ನು ತಂತಮ್ಮ ಭಾಗದಲ್ಲಿ ವಿಳಾಸ ಹಂಚುವ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು ಕೈ ಖಾಲಿ ಮಾಡಿಕೊಂಡಿತು. ಏಷ್ಯಾ ಪೆಸಿಫಿಕ್ ಭಾಗದ ಎಪಿನಿಕ್ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆಯ ತುಂಡಿಗೆ ಕೈ ಹಾಕಬೇಕಾಯಿತು. ಅಂದಿನಿಂದ ಅಲ್ಲಿ ಹೊಸ ಸದಸ್ಯರಿಗೆ, ಅಂದರೆ ಇಂಟರ್ನೆಟ್ ಸೇವೆ ಕೊಡುವಂಥ ಸಂಸ್ಥೆಗಳಿಗೆ, ಆ ತುಂಡಿನಿಂದ ಸಿಗುತ್ತಿದ್ದುದು ಹೆಚ್ಚೆಂದರೆ 1,024 ವಿಳಾಸ. 2019ರಲ್ಲಿ ಅದನ್ನೂ 512ಕ್ಕೆ ಇಳಿಸಿದರು.

ಒಂದು ಕಡೆ 1.67 ಕೋಟಿ, ಇನ್ನೊಂದು ಕಡೆ 512. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದರಲ್ಲಿ ಯಾರೂ ಮೋಸ ಮಾಡಲಿಲ್ಲ, ಅದನ್ನೂ ಹೇಳಬೇಕು. ಅಗತ್ಯ ತೋರಿಸಿದವರಿಗೆ ವಿಳಾಸ ಅನ್ನುವುದು ನೋಂದಣಿ ಸಂಸ್ಥೆಗಳು ಪಾಲಿಸಿಕೊಂಡು ಬಂದ ನಿಯಮ. ಆದರೆ ಟೆಲಿಫೋನ್ ತಂತಿಯೇ ನೆಟ್ಟಗಿಲ್ಲದ ದೇಶ ಆಗ ಅಗತ್ಯ ತೋರಿಸುವುದಾದರೂ ಹೇಗೆ?

ತಡವಾಗಿ ಬಂದವರು ಬೇಕಾದರೆ ಹಣ ಕೊಟ್ಟು ಕೊಳ್ಳಬಹುದು. ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು 2011ರಲ್ಲಿ ಮೈಕ್ರೋಸಾಫ್ಟ್ 75 ಲಕ್ಷ ಡಾಲರ್‌ಗೆ ತೆಗೆದುಕೊಂಡಿತು. ಅಂದರೆ ಒಂದಕ್ಕೆ 11 ಡಾಲರ್ ಚಿಲ್ಲರೆ. ಹತ್ತು ವರ್ಷದ ನಂತರ ಆ ಬೆಲೆ 50 ಡಾಲರ್ ಆಸುಪಾಸಿಗೆ ಏರಿತು. ಬಡ ದೇಶದ ಸಣ್ಣ ಐಎಸ್‌ಪಿಗೆ (ಇಂಟರ್ನೆಟ್ ಸೇವೆ ಕೊಡುವ ಕಂಪನಿಗೆ) ಇದು ಕೈಗೆಟುಕುವ ಮಾತಲ್ಲ.

ಹಾಗಾಗಿ ಹಂಚಿಕೊಳ್ಳುವುದೇ ಗತಿ. ಇದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ಒಂದು ಐಎಸ್‌ಪಿ ಹತ್ತಿರ 1,024 ವಿಳಾಸ ಇದೆ, 50,000 ಗ್ರಾಹಕರಿದ್ದಾರೆ ಅಂದುಕೊಳ್ಳಿ. ಪ್ರತಿ ವಿಳಾಸಕ್ಕೂ ಸುಮಾರು 65,000 ಪೋರ್ಟ್‌ಗಳಿರುತ್ತವೆ. ಇವನ್ನು ಒಂದೇ ಕಟ್ಟಡದ ಬೇರೆ ಬೇರೆ ಬಾಗಿಲು ಅಂದುಕೊಂಡರೆ ಸುಲಭ. ಗ್ರಾಹಕರಿಗೆ ತಲಾ ಸಾವಿರ ಪೋರ್ಟ್ ಕೊಟ್ಟರೆ ಒಂದು ವಿಳಾಸದಲ್ಲಿ ಅರವತ್ತು ಚಿಲ್ಲರೆ ಮನೆ ಹಿಡಿಸುತ್ತವೆ, ಎಲ್ಲರಿಗೂ ಹೇಗೋ ಸಾಲುತ್ತದೆ. ಆದರೆ ಗ್ರಾಹಕರು ಎರಡರಷ್ಟಾದರೆ ತಲಾ ಪಾಲು ಅರ್ಧಕ್ಕಿಳಿಯುತ್ತದೆ, ಇನ್ನೂ ಬೆಳೆದರೆ ಇನ್ನೂ ಕಮ್ಮಿ. ಈಗಿನ ಒಂದೊಂದು ವೆಬ್ ಪುಟವೂ ಹತ್ತಾರು ಸಂಪರ್ಕ ತೆರೆಯುತ್ತದೆ. ಮನೆಯಲ್ಲಿ ಐದು ಫೋನು, ಒಂದು ಟಿವಿ ಇದ್ದರೆ ಪಾಲಿಗೆ ಬಂದ ಪೋರ್ಟ್‌ಗಳು ಬೇಗ ತುಂಬಿಹೋಗುತ್ತವೆ. ಆಗ ನಕ್ಷೆ ತೆರೆದರೆ ಅರ್ಧ ಚೌಕಗಳು ಬರುತ್ತವೆ, ಉಳಿದವು ಬೂದು ಬಣ್ಣದಲ್ಲೇ ನಿಲ್ಲುತ್ತವೆ. ಗ್ರಾಹಕರು ಸ್ಪೀಡ್ ಇಲ್ಲ ಅಂತ ದೂರು ಕೊಡುತ್ತಾರೆ. ಸ್ಪೀಡ್ ಇರುತ್ತದೆ, ಪೋರ್ಟ್ ಇರುವುದಿಲ್ಲ.

ಇನ್ನೂ ಒಂದು ಕಷ್ಟ ಇದೆ. ಅರವತ್ತು ಮನೆಗಳಲ್ಲಿ ಒಂದು ಮನೆಯ ಕಂಪ್ಯೂಟರ್‌ಗೆ ವೈರಸ್ ಬಂದು ಅದು ಸ್ಪ್ಯಾಮ್ ಕಳಿಸತೊಡಗಿತು ಅಂದುಕೊಳ್ಳಿ. ವೆಬ್‌ಸೈಟ್‌ಗಳು ಆ ವಿಳಾಸವನ್ನೇ ತಡೆಯುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಉಳಿದವರೆಲ್ಲ ತಾವು ರೋಬೋಟ್ ಅಲ್ಲ ಅಂತ ಮತ್ತೆ ಮತ್ತೆ ಸಾಬೀತು ಮಾಡಬೇಕು. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ನೋಡೋಕೂ ಆಗುವುದಿಲ್ಲ. ಅಪರಾಧದ ತನಿಖೆ ಬಂದರೆ ಪೊಲೀಸರಿಗೆ ಬರೀ ವಿಳಾಸ ಸಿಕ್ಕರೆ ಸಾಲದು, ಪೋರ್ಟ್ ನಂಬರ್ ಮತ್ತು ಕರಾರುವಾಕ್ಕಾದ ಸಮಯವೂ ಬೇಕು. ಇಲ್ಲದಿದ್ದರೆ ಅರವತ್ತೂ ಮನೆಯವರ ಮೇಲೆ ಅನುಮಾನ.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ಈ ಬಿಕ್ಕಟ್ಟೇ ಇಲ್ಲ. 1998ರಲ್ಲೇ ಇದರ ನಿಯಮಾವಳಿ ಬಂದಿತ್ತು. ವಿಳಾಸ 128 ಬಿಟ್ ಉದ್ದ. ಒಂದು ಸಣ್ಣ ಐಎಸ್‌ಪಿ ಕೇಳಿದರೆ ನೋಂದಣಿ ಸಂಸ್ಥೆ ಸಾಮಾನ್ಯವಾಗಿ ಸ್ಲ್ಯಾಶ್ 32 ಅನ್ನುವ ಗಾತ್ರದ ತುಂಡು ಕೊಡುತ್ತದೆ (ಸ್ಲ್ಯಾಶ್ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ತುಂಡು ಚಿಕ್ಕದು). ಅದನ್ನು ಮನೆಗಳಿಗೆ ಸ್ಲ್ಯಾಶ್ 56ರ ಲೆಕ್ಕದಲ್ಲಿ ಹಂಚಿದರೆ 1.67 ಕೋಟಿ ಮನೆಗಳಿಗೆ ಸಾಲುತ್ತದೆ, ಒಂದೊಂದು ಮನೆಗೂ 256 ಬೇರೆ ಬೇರೆ ನೆಟ್‌ವರ್ಕ್. ಹೌದು, ಅದೇ 1.67 ಕೋಟಿ. ಆದರೆ ಇಲ್ಲಿ ಅದು ಮನೆಗಳ ಲೆಕ್ಕ.

ಹಾಗಿದ್ದರೆ ಎಲ್ಲರೂ ಯಾಕೆ ಬದಲಾಗಲಿಲ್ಲ? ಎರಡು ಪದ್ಧತಿಗಳು ನೇರವಾಗಿ ಮಾತಾಡಲಾರವು. ಬರೀ ಹೊಸ ವಿಳಾಸ ಇಟ್ಟುಕೊಂಡವರಿಗೆ ಹಳೆಯ ವೆಬ್‌ಸೈಟ್ ತೆರೆಯಬೇಕಾದರೆ ನಡುವೆ ಅನುವಾದ ಮಾಡುವ ಯಂತ್ರ ಬೇಕು. ಅದಕ್ಕೆ ಖರ್ಚು, ಕಲಿತ ಎಂಜಿನಿಯರ್‌ಗಳು, ತಾಳ್ಮೆ ಎಲ್ಲ ಬೇಕು. ಆದರೆ ಇಲ್ಲೇ ತಡವಾಗಿ ಬಂದವರಿಗೆ ಒಂದು ಅನುಕೂಲ ಇದೆ. ಅವರು ಕಿತ್ತು ಹಾಕಬೇಕಾದ ಹಳೆಯ ಸಾಮಾನು ಕಮ್ಮಿ. ಭಾರತದಲ್ಲಿ ಜಿಯೋ 2016ರಲ್ಲಿ ಸೇವೆ ಶುರು ಮಾಡುವಾಗಲೇ ಐಪಿವಿ6 ಇಟ್ಟುಕೊಂಡು ಬಂತು. ಇವತ್ತು ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಹೊಸ ರೂಟರ್ ಕೊಳ್ಳುವ ಪ್ರತಿ ಟೆಂಡರ್‌ನಲ್ಲೂ ಐಪಿವಿ6 ಕಡ್ಡಾಯ ಅಂತ ಒಂದು ಸಾಲು ಬರೆಯುವುದಕ್ಕೆ ಸರ್ಕಾರಕ್ಕೆ ಕಾಸೂ ಖರ್ಚಿಲ್ಲ. ನನಗಂತೂ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ವಿಳಾಸ ಸಿಕ್ಕ ಮೇಲೆ ದಾರಿಯೂ ಬೇಕಲ್ವಾ? ಒಂದೇ ಊರಿನ ಎರಡು ಐಎಸ್‌ಪಿಗಳ ನಡುವೆ ನೇರ ಜೋಡಣೆ ಇಲ್ಲದಿದ್ದರೆ ಪಕ್ಕದ ಬೀದಿಗೆ ಹೋಗಬೇಕಾದ ಇಮೇಲ್ ಇನ್ನೊಂದು ಖಂಡ ನೋಡಿಕೊಂಡು ಬರುತ್ತದೆ. ಕೈ ಸುತ್ತಿ ಮೂಗು ಹಿಡಿದ ಹಾಗೆ. ಕೀನ್ಯಾದಲ್ಲಿ ಮೊದಲು ಹೀಗೇ ಇತ್ತು, ಅದೂ ಉಪಗ್ರಹದ ಮೂಲಕ. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಸಂಕೇತ ಹೋಗಿ ಇಳಿಯೋಕೆ ಕಾಲು ಸೆಕೆಂಡ್ ಬೇಕು. ಎರಡೂ ಐಎಸ್‌ಪಿ ಉಪಗ್ರಹವನ್ನೇ ನಂಬಿದ್ದರೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಒಂದು ಸೆಕೆಂಡ್ ಹೋಗುತ್ತದೆ. ಒಂದು ಪುಟಕ್ಕೆ ಇಂಥ ಎಷ್ಟು ಓಡಾಟ ಬೇಕು ಅಂತ ಯೋಚಿಸಿ.

2000ನೇ ಇಸವಿಯ ಕೊನೆಗೆ ಅಲ್ಲಿನ ಐಎಸ್‌ಪಿಗಳು ಸೇರಿ ನೈರೋಬಿಯಲ್ಲಿ ಕೆಐಎಕ್ಸ್‌ಪಿ ಅನ್ನುವ ವಿನಿಮಯ ಕೇಂದ್ರ, ಅಂದರೆ ಐಎಸ್‌ಪಿಗಳು ಒಂದಕ್ಕೊಂದು ನೇರವಾಗಿ ಜೋಡಿಸಿಕೊಳ್ಳುವ ಜಾಗ, ಕಟ್ಟಿದರು. ಆಗ ಅಂತರರಾಷ್ಟ್ರೀಯ ಸಂಪರ್ಕದ ಏಕಸ್ವಾಮ್ಯ ಹೊಂದಿದ್ದ ಟೆಲಿಕಾಂ ಕಂಪನಿ ದೂರು ಕೊಟ್ಟಿತು, ನಿಯಂತ್ರಕರು ಕೇಂದ್ರ ಮುಚ್ಚಿಸಿದರು. ಐಎಸ್‌ಪಿಗಳು ಬಿಡಲಿಲ್ಲ. 2002ರ ಫೆಬ್ರವರಿಯಲ್ಲಿ ಅದು ಮತ್ತೆ ತೆರೆಯಿತು. ಇಂಥ ಕೇಂದ್ರದಲ್ಲಿ ಜೋಡಿಸಿಕೊಳ್ಳಲು ಐಎಸ್‌ಪಿಗೆ ಸ್ವಂತ ವಿಳಾಸವೂ ಎಎಸ್ ನಂಬರೂ (ಇಂಟರ್ನೆಟ್‌ನಲ್ಲಿ ಆ ಐಎಸ್‌ಪಿಯ ನೆಟ್‌ವರ್ಕನ್ನು ಗುರುತಿಸುವ ಸಂಖ್ಯೆ) ಇರಬೇಕು. ಅದಕ್ಕೇ ವಿಳಾಸ ನಿರ್ವಹಣೆ ಸುಮ್ನೆ ಕಾಗದದ ಕೆಲಸ ಅಲ್ಲ.

ನಿಮ್ಮ ಸಂಪರ್ಕ ಹೇಗಿದೆ ಅಂತ ನೀವೇ ನೋಡಬಹುದು. ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು ವ್ಯಾನ್ (WAN) ವಿಳಾಸ, ಅಂದರೆ ಐಎಸ್‌ಪಿ ಕಡೆಯಿಂದ ರೂಟರ್‌ಗೆ ಸಿಕ್ಕ ವಿಳಾಸ, ನೋಡಿ. ಅದು 10 ಮತ್ತು ಚುಕ್ಕಿಯಿಂದ (10.), ಅಥವಾ 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾಗಿದ್ದರೆ ನೀವೂ ಹಂಚಿಕೊಂಡವರ ಸಾಲಿನಲ್ಲಿದ್ದೀರಿ. ಅಲ್ಲೇ ಐಪಿವಿ6 ಕಾಲಂ ಖಾಲಿ ಇದ್ದರೆ ನಿಮ್ಮ ಐಎಸ್‌ಪಿಗೆ ಫೋನ್ ಮಾಡಿ, ಯಾವಾಗ ಕೊಡ್ತೀರಾ ಅಂತ ಕೇಳಿ.