ಎಷ್ಟು ಬಿಸಿಗೆ ಯಾವ ಬ್ರೇಕ್ ಪ್ಯಾಡ್?

ರೇಸಿಂಗ್ ಪ್ಯಾಡ್ ಹಾಕಿಸಿದರೆ ಕಾರು ಇನ್ನೂ ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಕಾರುಪ್ರಿಯರಲ್ಲಿ ಗಟ್ಟಿಯಾಗಿ ಬೇರೂರಿದೆ. ಅದನ್ನು ಅಲುಗಾಡಿಸಲು ಹೊರಟವರನ್ನೇ ಜನ ಅನುಮಾನದಿಂದ ನೋಡುತ್ತಾರೆ. ಆದರೂ ಹೇಳಲೇಬೇಕು: ಕಾರನ್ನು ನಿಲ್ಲಿಸುವುದು ಟೈರು. ಪ್ಯಾಡು ಚಕ್ರದ ಜತೆ ತಿರುಗುವ ಲೋಹದ ಡಿಸ್ಕನ್ನು ಹಿಡಿದು ಅದರ ತಿರುಗಾಟವನ್ನು ತಡೆಯುತ್ತದೆ, ಅಷ್ಟೆ. ರಸ್ತೆಯನ್ನು ಹಿಡಿಯುವ ಕೆಲಸ ರಬ್ಬರಿನದು. ಪೆಡಲನ್ನು ಬಲವಾಗಿ ತುಳಿದಾಗ ನಿಮ್ಮ ಕಾರಿನ ಎಬಿಎಸ್ (ಚಕ್ರ ಪೂರ್ತಿ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಕಟಕಟ ಸದ್ದು ಮಾಡುತ್ತದೆಯೇ? ಹಾಗಿದ್ದರೆ ಈಗಿರುವ ಪ್ಯಾಡಿಗೇ ಟೈರಿನ ಹಿಡಿತವನ್ನು ಮೀರುವಷ್ಟು ಬಲವಿದೆ. ಅದಕ್ಕಿಂತ ಹೆಚ್ಚು ಕಚ್ಚುವ ಪ್ಯಾಡ್ ತಂದು ಹಾಕಿದರೆ ಆ ಒಂದು ನಿಲುಗಡೆಯ ದೂರ ಒಂದು ಅಡಿಯೂ ಕಡಿಮೆಯಾಗದು. ಕಡಿಮೆಯಾಗುವುದು ಕಾಲಿನ ಶ್ರಮ ಮಾತ್ರ. ಘರ್ಷಣಾಂಕ (ಪ್ಯಾಡು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂಬುದರ ಅಳತೆ) 0.36ರಿಂದ 0.45ಕ್ಕೆ ಏರಿದರೆ ಅದೇ ನಿಲುಗಡೆಗೆ ಪ್ಯಾಡನ್ನು ಐದನೇ ಒಂದು ಪಾಲು ಕಡಿಮೆ ಬಲದಿಂದ ಒತ್ತಿದರೆ ಸಾಕು.

ಹಾಗಾದರೆ ದುಬಾರಿ ಪ್ಯಾಡಿನ ಅಗತ್ಯವೇ ಇಲ್ಲವೇ? ಇದೆ. ಆದರೆ ಅದು ಬೇಕಾಗುವುದು ಮೊದಲ ನಿಲುಗಡೆಗಲ್ಲ, ಹತ್ತನೆಯದಕ್ಕೆ, ಮೂವತ್ತನೆಯದಕ್ಕೆ. ಅಲ್ಲಿ ಬಿಸಿಯ ಕತೆ ಶುರುವಾಗುತ್ತದೆ.

1400 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 540 ಕಿಲೋಜೂಲ್. ಕಾರು ನಿಂತಾಗ ಇದರಲ್ಲಿ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗುತ್ತದೆ. ಬ್ರೇಕು ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂಚಕ್ರಗಳೇ ಹೆಚ್ಚು ಕೆಲಸ ಮಾಡುತ್ತವೆ. ಸುಮಾರು 70 ಶೇಕಡಾ ಎಂದಿಟ್ಟುಕೊಳ್ಳಿ. ತಲಾ 7 ಕಿಲೋ ತೂಗುವ ಎರಡು ಎರಕದ ಕಬ್ಬಿಣದ ಡಿಸ್ಕುಗಳಿಗೆ ಈ ಶಾಖ ಹೋದರೆ ಒಂದೊಂದು ನಿಲುಗಡೆಗೆ ಅವು ಹತ್ತಿರ ಹತ್ತಿರ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾಯುತ್ತವೆ. ರಸ್ತೆಯಲ್ಲಿ ಇದು ಲೆಕ್ಕಕ್ಕಿಲ್ಲ. ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಗಾಳಿ ಅದನ್ನು ಕೊಂಡೊಯ್ದಿರುತ್ತದೆ.

ರೇಸ್ ಟ್ರ್ಯಾಕಿನಲ್ಲಿ ಅದೇ ಕಾರು 150ರಿಂದ 60 ಕಿಲೋಮೀಟರ್ ವೇಗಕ್ಕೆ ಮೂರು ಸೆಕೆಂಡಿನಲ್ಲಿ ಇಳಿಯುತ್ತದೆ ಎನ್ನಿ. ಒಂದು ಸಾವಿರ ಕಿಲೋಜೂಲ್ ಮೂರೇ ಸೆಕೆಂಡಿನಲ್ಲಿ ಹೊರಬಿದ್ದರೆ ಅದು 450 ಅಶ್ವಶಕ್ತಿಗೂ ಮಿಕ್ಕಿದ ಸಾಮರ್ಥ್ಯ. ಕಾರಿನ ಎಂಜಿನ್ನೇ 150 ಅಶ್ವಶಕ್ತಿಯದ್ದಿರಬಹುದು! ಕಾರಿನಲ್ಲಿರುವ ಅತಿ ಬಲಶಾಲಿ ಯಂತ್ರ ಬ್ರೇಕು ಎಂಬುದು ನನಗೆ ಪ್ರತಿ ಸಲ ಲೆಕ್ಕ ಹಾಕಿದಾಗಲೂ ರೋಮಾಂಚನ ಕೊಡುವ ಸಂಗತಿ. ಇಂಥ ಒಂದೇ ಬ್ರೇಕಿಗೆ ಮುಂದಿನ ಡಿಸ್ಕುಗಳು ನೂರಕ್ಕೂ ಹೆಚ್ಚು ಡಿಗ್ರಿ ಏರುತ್ತವೆ. ಅವು ತಣಿಯುವ ಮೊದಲೇ ಮತ್ತೊಂದು ತಿರುವು ಬರುತ್ತದೆ. ಕೆಲವೇ ಸುತ್ತುಗಳಲ್ಲಿ ಡಿಸ್ಕು 500 ಡಿಗ್ರಿ ದಾಟಬಲ್ಲದು. ಕತ್ತಲಿದ್ದರೆ ಅದು ಮಂದ ಕೆಂಪಾಗಿ ಹೊಳೆಯುವುದನ್ನು ಕಣ್ಣಾರೆ ನೋಡಬಹುದು.

ಬಿಸಿಯ ಜತೆಗಿನ ಈ ಗುದ್ದಾಟ ಮೋಟಾರು ಗಾಡಿಯಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಅವನು ಕಟ್ಟಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದು ಹೋಗುತ್ತಿತ್ತು. ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡರು. ಬ್ರೇಕ್ ಲೈನಿಂಗ್‌ನ ಚರಿತ್ರೆ ಅಲ್ಲಿಂದ ಶುರು ಎನ್ನುತ್ತಾರೆ. ಮುಂದೆ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ 1897ರಲ್ಲಿ ಘರ್ಷಣೆಯ ಸಾಮಗ್ರಿಯನ್ನೇ ಉದ್ಯಮವಾಗಿಸಿದರು. ಫೆರೊಡೊ ಕಂಪನಿ ಅವರದೇ. ಬಿಸಿಗೆ ಜಗ್ಗದ ಆಸ್ಬೆಸ್ಟಾಸ್ ಇಪ್ಪತ್ತನೇ ಶತಮಾನದ ಬಹುಭಾಗ ಬ್ರೇಕುಗಳನ್ನು ಆಳಿತು, ಅದರ ಧೂಳು ಕಾರ್ಮಿಕರ ಶ್ವಾಸಕೋಶಗಳನ್ನು ಕೊಂದಿತು, ಕೊನೆಗೆ ದೇಶ ದೇಶಗಳಲ್ಲಿ ನಿಷೇಧಕ್ಕೊಳಗಾಯಿತು.

ಚಕ್ರದ ಜತೆ ತಿರುಗುವ ಡಬ್ಬಿಯಂಥ ಡ್ರಮ್ಮಿಗೆ ಒಳಗಿನಿಂದ ಶೂಗಳು ಒತ್ತಿ ಹಿಡಿಯುವ ಹಳೆಯ ಡ್ರಮ್ ಬ್ರೇಕಿನ ಕಷ್ಟವೇ ಬೇರೆ. ಕಾದಾಗ ಡ್ರಮ್ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಕೆಳಕೆಳಗೆ ಹೋಗುತ್ತದೆ. ಡಿಸ್ಕು ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಮೈಯೆಲ್ಲ ಗಾಳಿಗೆ ತೆರೆದಿರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರೂ ಜಗತ್ತು ಅದನ್ನು ನಂಬಿದ್ದು 1953ರಲ್ಲಿ. ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಎದುರಾಳಿಗಳು ತಿರುವಿಗೆ ಬಹಳ ಮುಂಚೆಯೇ ಬ್ರೇಕು ಹಾಕಬೇಕಿದ್ದಾಗ ಜಾಗ್ವಾರ್ ಚಾಲಕರು ಇನ್ನಷ್ಟು ದೂರ ಪೂರ್ತಿ ವೇಗದಲ್ಲೇ ನುಗ್ಗುತ್ತಿದ್ದರು. ಮತ್ತೆ ಮತ್ತೆ, ಗಂಟೆಗಟ್ಟಲೆ ಹಾಗೆ ಮಾಡಬಲ್ಲವರಾಗಿದ್ದರು ಎಂಬುದೇ ಅಲ್ಲಿನ ನಿಜವಾದ ಸುದ್ದಿ.

ಈಗ ಪ್ಯಾಡಿನೊಳಗೆ ಇಳಿಯೋಣ. ಅದು ಹತ್ತಿಪ್ಪತ್ತು ವಸ್ತುಗಳ ಮಿಶ್ರಣ: ನಾರುಗಳು, ಲೋಹದ ಚೂರು, ಗ್ರಾಫೈಟ್, ಉಜ್ಜುವ ಗಟ್ಟಿ ಕಣಗಳು, ಎಲ್ಲವನ್ನೂ ಅಂಟಿಸಿ ಹಿಡಿಯುವ ಫಿನಾಲಿಕ್ ರಾಳ. ಕೆಲವು ರೇಸಿಂಗ್ ಪ್ಯಾಡುಗಳಲ್ಲಿ ರಾಳದ ಬದಲು ಲೋಹದ ಪುಡಿಯನ್ನೇ ಕಾಯಿಸಿ ಬೆಸೆದಿರುತ್ತಾರೆ. ರಾಳವಿರುವ ಪ್ಯಾಡು ತನ್ನ ಮಿತಿ ಮೀರಿ ಕಾದರೆ ರಾಳ ವಿಘಟನೆಗೊಂಡು ಅನಿಲವಾಗುತ್ತದೆ, ಡಿಸ್ಕಿನ ಮೇಲೆ ಜಾರುವಂತಾಗುತ್ತದೆ, ಘರ್ಷಣಾಂಕ ಕುಸಿಯುತ್ತದೆ. ಫೇಡ್ ಎನ್ನುವುದು ಇದನ್ನೇ.

ಆದರೆ ಹೆಚ್ಚಿನವರು ಗಮನಿಸದ, ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸೆನಿಸುವ ಸಂಗತಿ ಬೇರೊಂದಿದೆ. ಪ್ಯಾಡು ಡಿಸ್ಕನ್ನು ಹಿಡಿಯುವುದು ಎರಡು ಬಗೆಯಲ್ಲಿ. ಒಂದು ಉಜ್ಜು ಘರ್ಷಣೆ: ಪ್ಯಾಡಿನ ಗಟ್ಟಿ ಕಣಗಳು ಕಬ್ಬಿಣವನ್ನು ಕೆರೆಯುತ್ತವೆ, ಎರಡೂ ಸವೆಯುತ್ತವೆ. ಇನ್ನೊಂದು ಅಂಟು ಘರ್ಷಣೆ: ಪ್ಯಾಡಿನ ಸಾಮಗ್ರಿ ತುಸುತುಸುವೇ ಡಿಸ್ಕಿಗೆ ವರ್ಗಾವಣೆಯಾಗಿ ಕೆಲವೇ ಮೈಕ್ರೋಮೀಟರ್ ದಪ್ಪದ ಪೊರೆಯಾಗುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ತನ್ನನ್ನೇ ಬಿಟ್ಟು ಹೋಗುವ ಹಾಗೆ. ಆಮೇಲೆ ಪ್ಯಾಡು ಬರಿಯ ಕಬ್ಬಿಣವನ್ನು ಮುಟ್ಟುವುದು ಕಡಿಮೆ. ತನ್ನದೇ ಸಾಮಗ್ರಿಯ ಪೊರೆಯ ಮೇಲೆ ಅದು ಜಾರುತ್ತದೆ, ಅಣು ಅಣುಗಳ ನಡುವೆ ಬಂಧಗಳು ಕೂಡುತ್ತವೆ, ಹರಿಯುತ್ತವೆ, ಮತ್ತೆ ಕೂಡುತ್ತವೆ. ಹಾಗೆ ಹರಿದಾಗಲೆಲ್ಲ ಕಾರಿನ ವೇಗ ಒಂದಿಷ್ಟು ಶಾಖವಾಗಿ ಬದಲಾಗುತ್ತದೆ. ಪೊರೆ ಸವೆದಷ್ಟೂ ಪ್ಯಾಡು ಅದನ್ನು ಮತ್ತೆ ತುಂಬುತ್ತದೆ. ಡಿಸ್ಕು ಬಹುಕಾಲ ಬಾಳುತ್ತದೆ, ಪೆಡಲಿನ ಸ್ಪರ್ಶ ನಯವಾಗುತ್ತದೆ.

ಈ ಪೊರೆ ಕಟ್ಟಲು ಒಂದು ಹದದ ಬಿಸಿ ಬೇಕು. ಆ ಹದ ಪ್ಯಾಡಿನಿಂದ ಪ್ಯಾಡಿಗೆ ಬೇರೆ. ರಸ್ತೆಯ ಪ್ಯಾಡು ತಣ್ಣಗಿದ್ದಾಗಿನಿಂದ ಸುಮಾರು 350-400 ಡಿಗ್ರಿವರೆಗೆ ಚೆನ್ನಾಗಿ ವರ್ತಿಸುತ್ತದೆ. ಅದನ್ನು ಟ್ರ್ಯಾಕಿನಲ್ಲಿ 550ಕ್ಕೆ ಒಯ್ದರೆ ಸಾಮಗ್ರಿ ಮೆತ್ತಗಾಗಿ ಡಿಸ್ಕಿಗೆ ತೇಪೆ ತೇಪೆಯಾಗಿ ಮೆತ್ತಿಕೊಳ್ಳುತ್ತದೆ. ಅಪ್ಪಟ ರೇಸಿಂಗ್ ಪ್ಯಾಡಿನ ಹದ ಶುರುವಾಗುವುದೇ ಹಲವು ನೂರು ಡಿಗ್ರಿಯಲ್ಲಿ. ಅದನ್ನು ದಿನವೂ ಪೇಟೆಯಲ್ಲಿ 80 ಡಿಗ್ರಿಯ ಡಿಸ್ಕಿನ ಮೇಲೆ ಓಡಿಸಿದರೆ ಪೊರೆ ಕಟ್ಟುವುದೇ ಇಲ್ಲ. ಇದ್ದ ಪೊರೆಯನ್ನೂ ಕೆರೆದು, ಕಬ್ಬಿಣವನ್ನೂ ತಿಂದು, ಕಿರುಚುತ್ತ ಕೂರುತ್ತದೆ. ಹಲವು ರೇಸಿಂಗ್ ಪ್ಯಾಡುಗಳು ತಣ್ಣಗಿದ್ದಾಗ ರಸ್ತೆಯ ಪ್ಯಾಡಿಗಿಂತ ಕಡಿಮೆಯೇ ಹಿಡಿಯುತ್ತವೆ. ಬೆಳಗ್ಗೆ ಕಾರು ತೆಗೆದ ಮೊದಲ ನಿಮಿಷದಲ್ಲೇ ಮಗುವೊಂದು ರಸ್ತೆಗೆ ಓಡಿ ಬಂದರೆ ಬೇಕಾಗುವುದು ಆ ತಣ್ಣನೆಯ ಹಿಡಿತ. ಇದು ನನಗೆ ಚಿಂತೆಯ ವಿಷಯ. ದಿನಬಳಕೆಯ ಕಾರಿಗೆ ಅಪ್ಪಟ ರೇಸಿಂಗ್ ಪ್ಯಾಡ್ ಹಾಕಿಸುವುದನ್ನು ಶೌರ್ಯವೆಂದು ಬಗೆಯುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಬ್ರೇಕು ಹಾಕಿದಾಗ ಸ್ಟಿಯರಿಂಗ್ ನಡುಗಿದರೆ ‘ಡಿಸ್ಕು ಬಾಗಿದೆ’ ಎನ್ನುವುದು ರೂಢಿ. ಬಹುತೇಕ ಸಲ ಡಿಸ್ಕು ಬಾಗಿರುವುದಿಲ್ಲ. ಪೊರೆ ಒಂದೆಡೆ ದಪ್ಪ, ಒಂದೆಡೆ ತೆಳುವಾಗಿರುತ್ತದೆ. 0.02 ಮಿಲಿಮೀಟರ್‌ನಷ್ಟು ಏರುಪೇರೂ ನಡುಕಕ್ಕೆ ಸಾಕು. ದಪ್ಪ ಮೆತ್ತಿದ ಜಾಗ ಹೆಚ್ಚು ಉಜ್ಜುತ್ತದೆ, ಹೆಚ್ಚು ಕಾಯುತ್ತದೆ, ಕಾದಷ್ಟೂ ಇನ್ನಷ್ಟು ಮೆತ್ತಿಸಿಕೊಳ್ಳುತ್ತದೆ. ಅಲ್ಲಿನ ಬಿಸಿ 700 ಡಿಗ್ರಿಯ ಆಸುಪಾಸಿಗೆ ಹೋದರೆ ಎರಕದ ಕಬ್ಬಿಣದ ರಚನೆಯೇ ಬದಲಾಗಿ ಸಿಮೆಂಟೈಟ್ ಎಂಬ ಗಡಸು ಸಂಯುಕ್ತ ಹುಟ್ಟುತ್ತದೆ. ಅದು ಸುತ್ತಲಿನ ಕಬ್ಬಿಣದಷ್ಟು ಸವೆಯದು. ಆಮೇಲೆ ಮೇಲ್ಮೈ ಉಜ್ಜಿಸಿದರೂ ನಡುಕ ಕೆಲವು ದಿನಗಳಲ್ಲಿ ಮರಳುತ್ತದೆ. ಅಂಥ ಡಿಸ್ಕನ್ನು ಎಸೆಯುವುದೇ ದಾರಿ.

ಹೊಸ ಪ್ಯಾಡಿಗೆ ‘ಬೆಡ್ಡಿಂಗ್’ ಮಾಡಬೇಕು ಎನ್ನುವುದರ ಹಿಂದಿನ ಕಾರಣವೂ ಈ ಪೊರೆಯೇ. ಖಾಲಿ, ಸುರಕ್ಷಿತ ಜಾಗದಲ್ಲಿ ಸಾಕಷ್ಟು ವೇಗದಿಂದ ಮತ್ತೆ ಮತ್ತೆ ಬ್ರೇಕು ಹಾಕಿ, ಪ್ರತಿ ಸಲ ಸ್ವಲ್ಪ ಹೆಚ್ಚು ಬಿಸಿಗೇರಿಸಿ, ಎಂದೂ ಪೂರ್ತಿ ನಿಲ್ಲಿಸದೆ, ಕೊನೆಗೆ ಬ್ರೇಕು ಮುಟ್ಟದೆ ಓಡಿಸಿ ತಣಿಸಬೇಕು. ಕಾದ ಡಿಸ್ಕನ್ನು ಪ್ಯಾಡು ಬಿಗಿದು ಹಿಡಿದು ನಿಂತರೆ ಅಲ್ಲೇ ಪ್ಯಾಡಿನ ಅಚ್ಚು ಮೂಡುತ್ತದೆ. ಟ್ರ್ಯಾಕಿನಿಂದ ಬಂದವರು ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ಬೇರೆ ಜಾತಿಯ ಪ್ಯಾಡಿಗೆ ಬದಲಾಯಿಸುವಾಗ ಹಳೆಯ ಪೊರೆಯನ್ನು ಉಜ್ಜಿ ತೆಗೆಯಬೇಕು. ಒಂದರ ಪೊರೆಯ ಮೇಲೆ ಇನ್ನೊಂದು ಸರಿಯಾಗಿ ಕೂರದು.

ಪ್ಯಾಡಿನ ಅಂಚಿನಲ್ಲಿ ‘ಎಫ್‌ಎಫ್’, ‘ಜಿಜಿ’ ಎಂದು ಅಚ್ಚಾಗಿರುವುದನ್ನು ಕಾಣುತ್ತೀರಿ. ಮೊದಲ ಅಕ್ಷರ ಸಾಮಾನ್ಯ ಬಿಸಿಯ ಘರ್ಷಣಾಂಕದ್ದು, ಎರಡನೆಯದು ಹೆಚ್ಚು ಬಿಸಿಯದ್ದು. ಇ ಎಂದರೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ‘ಎಫ್‌ಇ’ ಎಂದಿದ್ದರೆ ಕಾದಾಗ ಹಿಡಿತ ಸಡಿಲಾಗುತ್ತದೆಂದು ತಿಳಿಯಿರಿ. ಆದರೆ ಈ ಪರೀಕ್ಷೆಯ ‘ಹೆಚ್ಚು ಬಿಸಿ’ ಸುಮಾರು 340 ಡಿಗ್ರಿಗೇ ಮುಗಿಯುತ್ತದೆ. ಟ್ರ್ಯಾಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಯಾರಕರು ಕೊಡುವ ಬಿಸಿ-ಘರ್ಷಣೆಯ ರೇಖಾಚಿತ್ರ ಸಿಕ್ಕರೆ ಅದನ್ನು ನೋಡಿ. ರೇಖೆ ಎಷ್ಟು ಎತ್ತರಕ್ಕಿದೆ ಎಂಬುದಕ್ಕಿಂತ ನಿಮ್ಮ ಬಿಸಿಯ ವ್ಯಾಪ್ತಿಯಲ್ಲಿ ಎಷ್ಟು ಸಮತಟ್ಟಾಗಿದೆ ಎಂಬುದು ಮುಖ್ಯ. ಪೆಟ್ಟಿಗೆಯ ಮೇಲೆ ‘ಸೆರಾಮಿಕ್’ ಎಂದಿದ್ದರೆ ಮರುಳಾಗಬೇಡಿ. ಸೂಪರ್‌ಕಾರುಗಳ ಕಾರ್ಬನ್-ಸೆರಾಮಿಕ್ ಡಿಸ್ಕಿಗೂ ಇದಕ್ಕೂ ನಂಟಿಲ್ಲ. ಇದು ಧೂಳು, ಸದ್ದು ಕಡಿಮೆಯಿರುವ ಒಳ್ಳೆಯ ರಸ್ತೆ ಪ್ಯಾಡ್, ಅಷ್ಟೆ.

ಆಟೋಕ್ರಾಸ್‌ನಂಥ ಒಂದೊಂದು ನಿಮಿಷದ ಓಟಗಳಲ್ಲಿ ಡಿಸ್ಕು ಹೆಚ್ಚು ಕಾಯುವುದೇ ಇಲ್ಲ. ಅಲ್ಲಿಗೆ ತಣ್ಣಗಿದ್ದಾಗಲೇ ಚೆನ್ನಾಗಿ ಕಚ್ಚುವ ರಸ್ತೆ ಪ್ಯಾಡೇ ಸರಿ. ಬೆಟ್ಟದ ರಸ್ತೆಗಳಲ್ಲಿ ಹುರುಪಿನಿಂದ ಓಡಿಸುವವರಿಗೆ, ಅಪರೂಪಕ್ಕೊಮ್ಮೆ ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ) ಹೋಗುವ ಹಗುರ ಕಾರಿನವರಿಗೆ ಕಾರ್ಯಕ್ಷಮತೆಯ ರಸ್ತೆ ಪ್ಯಾಡ್ ಸಾಕು. ಭಾರದ ಕಾರು, ಅಂಟು ಟೈರು, ಇಪ್ಪತ್ತು ನಿಮಿಷದ ಸತತ ಓಟ ಎಂದಾದರೆ ಎರಡು ಜೊತೆ ಪ್ಯಾಡ್ ಇಟ್ಟುಕೊಂಡು ಟ್ರ್ಯಾಕಿನಲ್ಲಿ ಬದಲಾಯಿಸುವುದೇ ಮೇಲು. ‘ಎರಡಕ್ಕೂ ಒಂದೇ’ ಎನ್ನುವ ಪ್ಯಾಡುಗಳು ಎರಡರಲ್ಲೂ ಒಂದಿಷ್ಟು ಬಿಟ್ಟುಕೊಟ್ಟಿರುತ್ತವೆ. ಮುಂದೆ ಒಂದು ಜಾತಿ, ಹಿಂದೆ ಒಂದು ಜಾತಿ ಹಾಕುವಾಗ ಎಚ್ಚರ: ಹಿಂಚಕ್ರ ಮೊದಲು ಹಿಡಿದುಕೊಂಡರೆ ಕಾರು ಗಿರಕಿ ಹೊಡೆಯುತ್ತದೆ.

ಫೇಡ್ ಆದಾಗ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ತಪ್ಪು ಪ್ಯಾಡಿನದು. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಪೆಡಲಿನ ಒತ್ತಡವನ್ನು ಪ್ಯಾಡಿಗೆ ಮುಟ್ಟಿಸುವ ಬ್ರೇಕ್ ದ್ರವ ಕುದಿದಿದೆ. ಎಂಥ ಪ್ಯಾಡ್ ಹಾಕಿದರೂ ಅದು ಸರಿಹೋಗದು. ಡಾಟ್ 4 ಎಂಬ ದರ್ಜೆಯ ಬ್ರೇಕ್ ದ್ರವ ಹೊಸತಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬ ನಿಯಮವಿದೆ, ಆದರೆ ಅದು ಗಾಳಿಯ ತೇವ ಹೀರುತ್ತದೆ. 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಸವೆದು ತೆಳುವಾದ ಪ್ಯಾಡು ಶಾಖವನ್ನು ತಡೆಯದೆ ತನ್ನನ್ನು ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ದ್ರವಕ್ಕೆ ದಾಟಿಸುತ್ತದೆ. ಆದ್ದರಿಂದ ಅರ್ಧ ಸವೆದ ಪ್ಯಾಡಿನೊಂದಿಗೆ ಟ್ರ್ಯಾಕಿಗಿಳಿಯುವುದು ಉಳಿತಾಯವಲ್ಲ.

ನಿಮ್ಮ ಡಿಸ್ಕು ನಿಜಕ್ಕೂ ಎಷ್ಟು ಕಾಯುತ್ತದೆ ಎಂದು ಊಹಿಸಬೇಕಿಲ್ಲ. ಡಿಸ್ಕಿನ ಹೊರ ಅಂಚಿಗೆ ಹಚ್ಚುವ ಬಣ್ಣಗಳು ಸಿಗುತ್ತವೆ: ಹಸಿರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬದಲಿಸುತ್ತವೆ. ಮೂರನ್ನೂ ಪಕ್ಕ ಪಕ್ಕ ಹಚ್ಚಿ ಟ್ರ್ಯಾಕಿನಲ್ಲಿ ಒಂದು ಪೂರ್ತಿ ಸರದಿ ಓಡಿಸಿ ಬನ್ನಿ. ಹಸಿರು ಮಾತ್ರ ಬದಲಾಗಿ ಕಿತ್ತಳೆ ಹಾಗೇ ಉಳಿದಿದ್ದರೆ ಡಿಸ್ಕು 430 ದಾಟಿದೆ, 560 ಮುಟ್ಟಿಲ್ಲ. ಆ ಎರಡು ಅಂಕಿಗಳನ್ನು ಬರೆದುಕೊಂಡು ಪ್ಯಾಡ್ ಕೊಳ್ಳಲು ಹೋಗಿ.