ಹಿಂದಿನ ಕಡ್ಡಿ ಉದ್ದ, ಮುಂದಿನವು ಗಿಡ್ಡ

ಎಂಬತ್ತರ ದಶಕದ ಕೊನೆಯಲ್ಲಿ ಗದಗಿನ ನಮ್ಮ ಓಣಿಯಲ್ಲಿ ಟಿವಿ ನೋಡಬೇಕೆಂದರೆ ಯಾರಾದರೊಬ್ಬರು ಮಾಳಿಗೆ ಹತ್ತಲೇಬೇಕಿತ್ತು. ಮೇಲಿದ್ದವನು ಆಂಟೆನಾದ ಪೈಪನ್ನು ಹುಬ್ಬಳ್ಳಿಯ ದಿಕ್ಕಿಗೆ ತುಸುತುಸುವೇ ತಿರುಗಿಸುತ್ತ ಬೆಳಕಿಂಡಿಯಲ್ಲಿ ಬಾಗಿ "ಬಂತೇ?" ಎಂದು ಕೂಗುವುದು, ಕೆಳಗಿದ್ದವರು "ಬಂದಿತ್ತು, ಹೋಯಿತು" ಎನ್ನುವುದು. ಕಡ್ಡಿಯ ಮೇಲೆ ಕಾಗೆ ಕುಳಿತರೂ ಚಿತ್ರ ಕೆಡುತ್ತಿತ್ತು. ಕೊನೆಗೆ ರೇಡಿಯೊ ರಿಪೇರಿಯ ಕಾಕಾ ಬಂದು ಕಡ್ಡಿಯನ್ನು ಅರ್ಧ ಇಂಚು ಕೊಯ್ದು, ನೋಡಿ, ಮತ್ತೆ ಕೊಯ್ಯುತ್ತಿದ್ದರು. ಹಿಂದಿನ ಕಡ್ಡಿ ಉದ್ದ, ಮುಂದಿನವು ಗಿಡ್ಡ: ಅವರ ವಿದ್ಯೆಯೆಲ್ಲ ಇಷ್ಟೇ. ಏಕೆಂದು ಕೇಳಿದರೆ, "ಹಾಗೆ ಮಾಡಿದರೆ ಬರುತ್ತದೆ." ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಣ್ಣ ಇದಕ್ಕೆ ನಗುತ್ತಿದ್ದ. ಅವನ ವಿದ್ಯೆಯ ಚರಿತ್ರೆ ಗೊತ್ತಿದ್ದರೆ ಅಷ್ಟು ನಗುತ್ತಿರಲಿಲ್ಲ.

ಆಂಟೆನಾ ಹುಟ್ಟಿದ್ದು ಸಿದ್ಧಾಂತದಿಂದಲೇ, ನಿಜ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1865ರಲ್ಲಿ ಗಣಿತದಲ್ಲಿ ಕಂಡ ವಿದ್ಯುತ್ಕಾಂತ ಅಲೆಗಳನ್ನು ಹರ್ಟ್ಸ್ 1887ರ ಸುಮಾರಿಗೆ ತಂತಿ ಮತ್ತು ಕಿಡಿಗಳಿಂದ ಹುಟ್ಟಿಸಿ ತೋರಿಸಿದ. ಅವನ್ನು ದೂರ ಒಯ್ದ ಮಾರ್ಕೋನಿಯದು ಮಾತ್ರ ಮಾಡಿ ನೋಡುವ ಜಾಯಮಾನ. ತಂತಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ ಇನ್ನೊಂದನ್ನು ನೆಲಕ್ಕೆ ಸೇರಿಸಿದರೆ ಸಂಕೇತ ಹೆಚ್ಚು ದೂರ ಹೋಗುತ್ತದೆಂದು ಅವನು ಹಾಗೆಯೇ ಕಂಡುಕೊಂಡ. 1901ರ ಡಿಸೆಂಬರ್‌ನಲ್ಲಿ ಗಾಳಿಪಟಕ್ಕೆ ತಂತಿ ಕಟ್ಟಿ, ಅಟ್ಲಾಂಟಿಕ್ ದಾಟಿ ಬಂದ ಸಂಕೇತವನ್ನು ಕೇಳಿದೆನೆಂದ. ನೇರ ಹೋಗುವ ಅಲೆ ಭೂಮಿಯ ಡೊಂಕನ್ನು ಹೇಗೆ ದಾಟಿತು? ಆಕಾಶದಲ್ಲಿ ಅದನ್ನು ಹಿಂದಿರುಗಿಸುವ ಪದರವೊಂದಿರಬೇಕೆಂದು ಕೆನ್ನೆಲಿ ಮತ್ತು ಹೆವಿಸೈಡ್ ಹೇಳಿದ್ದು 1902ರಲ್ಲಿ. ಗಾಳಿಪಟ ಮೊದಲು ಹಾರಿತು, ವಿವರಣೆ ಆಮೇಲೆ ಬಂತು.

ಈ ಜಾಯಮಾನ ಅಗ್ಗದ್ದೇನಲ್ಲ. 1901ರಲ್ಲೇ ಇಂಗ್ಲೆಂಡಿನ ಪೋಲ್ಡುವಿನಲ್ಲಿ ಮಾರ್ಕೋನಿ ವೃತ್ತಾಕಾರವಾಗಿ ನಿಲ್ಲಿಸಿದ್ದ, 200 ಅಡಿ ಎತ್ತರದ 20 ಕಂಬಗಳು ಬಿರುಗಾಳಿಗೆ ನೆಲಕಚ್ಚಿದ್ದವು. ನಮ್ಮ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 392 ಮೀಟರ್. ಅದರ ಕಾಲುಭಾಗದಷ್ಟೇ ಎತ್ತರದ ಆಂಟೆನಾ ಕಂಬವೆಂದರೂ 98 ಮೀಟರ್. ಅದನ್ನು ಅರ್ಧ ಇಂಚು ಕೊಯ್ದು ನೋಡುವವರು ಯಾರು?

ಜಪಾನಿನ ಸೆಂಡೈನಲ್ಲಿ ಶಿಂತಾರೊ ಉಡಾ ಹಿಡಿದದ್ದು ಕೆಲವೇ ಮೀಟರ್‌ಗಳ ಅಲೆಗಳನ್ನು. ಕಡ್ಡಿಗಳ ಉದ್ದ, ಅಂತರ, ಸಂಖ್ಯೆಯನ್ನು ಬದಲಿಸುತ್ತ ಅಳೆದು, ಪ್ರೊಫೆಸರ್ ಹಿದೆತ್ಸುಗು ಯಾಗಿಯವರೊಡನೆ 1926ರಲ್ಲಿ ಪ್ರಕಟಿಸಿದ ವಿನ್ಯಾಸವೇ ನಮ್ಮ ಮಾಳಿಗೆಗೆ ಬಂದದ್ದು. ಅರ್ಧ ಅಲೆಗಿಂತ ತುಸು ಉದ್ದದ ಕಡ್ಡಿ ಕನ್ನಡಿಯಂತೆ ವರ್ತಿಸುತ್ತದೆ, ತುಸು ಗಿಡ್ಡದ್ದು ಅಲೆಗೆ ದಾರಿ ತೋರುತ್ತದೆ. 200 ಮೆಗಾಹರ್ಟ್ಸ್‌ನ ಟಿವಿ ಸಂಕೇತಕ್ಕೆ ಅರ್ಧ ಅಲೆ 75 ಸೆಂಟಿಮೀಟರ್. ಆ 'ತುಸು' ಶೇ 5 ಎಂದುಕೊಂಡರೆ ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ. ಕಾಕಾನ ಅರ್ಧ ಇಂಚು ಸುಮ್ಮನೆ ಬಂದದ್ದಲ್ಲ.

ಈ ಅಳತೆಗಳನ್ನು ಗಣಿತದಿಂದಲೇ ಏಕೆ ತೆಗೆಯಲಿಲ್ಲ? ಪ್ರತಿ ಕಡ್ಡಿಯ ವಿದ್ಯುತ್ತು ಉಳಿದೆಲ್ಲ ಕಡ್ಡಿಗಳ ವಿದ್ಯುತ್ತನ್ನು ಬದಲಿಸುತ್ತದೆ, ಅವು ತಿರುಗಿ ಇದನ್ನು ಬದಲಿಸುತ್ತವೆ. ತಂತಿಯಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆಂಬ ಸಮೀಕರಣವನ್ನು ಇಂಗ್ಲೆಂಡಿನ ವಿಜ್ಞಾನಿ ಪಾಕ್ಲಿಂಗ್ಟನ್ 1897ರಲ್ಲೇ ಬರೆದಿದ್ದ. ಹತ್ತಾರು ಕಡ್ಡಿಗಳಿಗೆ ಅದನ್ನು ಕೈಯಲ್ಲಿ ಬಿಡಿಸುವುದೇ ಆಗದ ಮಾತು. 1976ರಷ್ಟು ಈಚೆಗೂ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಯಾಗಿ ಆಂಟೆನಾಗಳ ಕಡ್ಡಿಗಳನ್ನು ಬದಲಿಸಿ ಅಳೆದು ಪಡೆದ ಕೋಷ್ಟಕಗಳನ್ನು ಪ್ರಕಟಿಸಿತು. ಕಾಕಾ ಮಾಡಿದ್ದೂ ಅದನ್ನೇ. ಆದರೆ ಅವರು ಬರೆದಿಡಲಿಲ್ಲ, ಒಮ್ಮೆಗೆ ಒಂದನ್ನೇ ಬದಲಿಸಲೂ ಇಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಮೊದಲಿನಿಂದ ಶುರು ಮಾಡುತ್ತಿದ್ದರು. ಕೊರತೆ ಇದ್ದದ್ದು ಅಲ್ಲಿ, ಗರಗಸದಲ್ಲಲ್ಲ.

ಕಂಪ್ಯೂಟರ್ ಬಂದ ಮೇಲೆ ಕೊಯ್ಯುವುದು ಪರದೆಯ ಮೇಲೆ ನಡೆಯತೊಡಗಿತು. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ5 ಉಪಗ್ರಹಗಳ ಆಂಟೆನಾವನ್ನು ರೂಪಿಸಿದ್ದು ಜೀವವಿಕಾಸವನ್ನು ಅನುಕರಿಸುವ ಪ್ರೋಗ್ರಾಂ: ತಂತಿಯನ್ನು ಹೇಗೆಂದರೆ ಹಾಗೆ ಬಾಗಿಸುವುದು, ಮ್ಯಾಕ್ಸ್‌ವೆಲ್‌ನ ಸಮೀಕರಣಗಳಿಂದ ಪರೀಕ್ಷಿಸುವುದು, ಸೋತದ್ದನ್ನು ಎಸೆದು ಗೆದ್ದದ್ದನ್ನು ಮತ್ತೆ ಬಾಗಿಸುವುದು. ಹೊರಬಂದದ್ದು ಕಾಗದದ ಕ್ಲಿಪ್ಪನ್ನು ಮಕ್ಕಳು ತಿರುಚಿ ಬಿಟ್ಟಂತಹ, ಅಂಗೈಯಲ್ಲಿ ಹಿಡಿಸುವ ಸೊಟ್ಟ ತಂತಿ. ಅದರ ಯಾವ ಬಾಗು ಏಕಿದೆಯೆಂದು ಅಣ್ಣನನ್ನು ಕೇಳಿದೆ. ಈ ಬಾರಿ ಅವನು ನಗಲಿಲ್ಲ.